ಇಪ್ಪತ್ತೇಳು ವರ್ಷಕ್ಕೆ ಒಂದು ಅಂಕ



ಹೋದ ಸಲ ಚಕ್ಕುಲಿಯ ಹದ ಬರೆಯುತ್ತಾ ಬರೆಯುತ್ತಾ, 'ಇವತ್ತು ಭಾನುವಾರ, ನನಗೆ ಕ್ಲಾಸಿದೆ, ಉಳಿದದ್ದು ಆಮೇಲೆ' ಎಂದು ಅರ್ಧಕ್ಕೆ ನಿಲ್ಲಿಸಿಬಿಟ್ಟಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಕಾಗದ ಚಕ್ಕುಲಿಗೂ ಬರಲಿಲ್ಲ. 'ಯಾವ ಕ್ಲಾಸು? ಹೊಲಿಗೆಯದೋ, ಕೇಕಿನದೋ?' ಎಂದು ಕೇಳಿದ್ದೀರಿ. ತಿಪಟೂರಿನ ಒಬ್ಬ ತಾಯಿ, 'ಯೋಗ ಇರಬೇಕು, ನನಗೂ ಹೇಳಮ್ಮ' ಎಂದು ಬರೆದಿದ್ದಾರೆ.

ಮೂರೂ ಅಲ್ಲ. ಗಣಿತ.

ನಗಬೇಡಿ. ನಕ್ಕರೂ ಪರವಾಗಿಲ್ಲ, ನಮ್ಮ ಬೀದಿಯಲ್ಲಿ ಎಲ್ಲರೂ ನಕ್ಕಾಗಿದೆ. 1997ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತವಳು. ಎಲ್ಲ ವಿಷಯದಲ್ಲೂ ಪಾಸು, ಗಣಿತದಲ್ಲಿ ಮಾತ್ರ 27. ಎಂಟೇ ಎಂಟು ಅಂಕ ಕಡಿಮೆ. ಮತ್ತೆ ಕಟ್ಟೋಣ ಅನ್ನುವಷ್ಟರಲ್ಲಿ ಗಂಡು ಬಂತು, ಕುಣಿಗಲ್ ಕಡೆಯವರು, ಬೆಂಗಳೂರಿನ ಪೀಣ್ಯದಲ್ಲಿ ಟರ್ನರ್ ಕೆಲಸ. ಅಪ್ಪ, 'ಗಂಡನ ಮನೆಯಲ್ಲಿ ನಿನ್ನ ಬೀಜಗಣಿತ ಯಾರು ಕೇಳ್ತಾರೆ' ಅಂದರು. ನಿಜ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು. ತಪ್ಪಿಸಿಕೊಂಡೆ ಅನ್ನಿಸಿತು.

ಹಾಗೆ ತಪ್ಪಿಸಿಕೊಂಡಿದ್ದು ಮಗಳ ರೂಪದಲ್ಲಿ ವಾಪಸ್ಸು ಬಂತು ನೋಡಿ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು ತಂದಳು. ನಮ್ಮ ಅತ್ತೆ, 'ಅಮ್ಮನ ತಲೆ ಬಂದೈತೆ, ಏನು ಮಾಡಕ್ಕಾಯ್ತದೆ' ಅಂದರು. ಅತ್ತೆ ಅಂದಿದ್ದಕ್ಕೆ ನನಗೆ ಕೋಪ ಬರಲಿಲ್ಲ. ನಾನೇ ನಗುತ್ತಾ, 'ಹೌದು ಕಣಮ್ಮ, ನಮ್ಮ ವಂಶಕ್ಕೆ ಗಣಿತ ಹತ್ತೋದಿಲ್ಲ' ಎಂದುಬಿಟ್ಟೆ. ಒಂದು ತಿಂಗಳ ಮೇಲೆ, 'ಯಾಕೇ ಓದುತ್ತಿಲ್ಲ?' ಎಂದು ಗದರಿಸಿದಾಗ ಮಗಳು ತಣ್ಣಗೆ ಹೇಳಿದಳು, 'ವಂಶಕ್ಕೇ ಹತ್ತಲ್ಲ ಅಂತ ನೀನೇ ಹೇಳಿದ್ಯಲ್ಲಮ್ಮ, ಇನ್ನು ಓದಿ ಏನು ಪ್ರಯೋಜನ?'

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಮೈಗಳ್ಳತನವನ್ನು ವಂಶದ ಮೇಲೆ ಹಾಕಿ ಮಗುವಿನ ಹಾದಿಗೆ ಕಲ್ಲಿಟ್ಟಿದ್ದೆನಲ್ಲ.

ನಾವಿರುವುದು ದಾಸರಹಳ್ಳಿಯಲ್ಲಿ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ನಡೆದೇ ಹೋಗಬಹುದು. ಬೆಳಿಗ್ಗೆ ಎಂಟರ ಹೊತ್ತಿಗೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಸಾಲು ನಮ್ಮ ಬಾಗಿಲ ಮುಂದೆಯೇ ಸಾಗುತ್ತದೆ, ತಲೆಯ ಮೇಲೆ ಮೆಟ್ರೊ ಹೋಗುತ್ತಿರುತ್ತದೆ. (2015ರಲ್ಲಿ ಅದು ಶುರುವಾದಾಗ ಮನೆಯವರೆಲ್ಲ ಸುಮ್ಮನೆ ಒಂದು ಸುತ್ತು ಹೋಗಿಬಂದಿದ್ದೆವು.) ಆ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ, ನಮ್ಮ ವಠಾರದವಳೇ, ಭಾನುವಾರ ಪುಸ್ತಕ ಹಿಡಿದು ಹೊರಡುತ್ತಿದ್ದಳು. ಕೇಳಿದೆ. 'ಹತ್ತನೇ ಕ್ಲಾಸು ಕಟ್ಟಿದೀನಕ್ಕ, ಓಪನ್ ಸ್ಕೂಲಲ್ಲಿ. ಹತ್ತು ಪಾಸಾದ್ರೆ ಸೂಪರ್‌ವೈಸರ್ ಆಗಬಹುದು' ಅಂದಳು.

ಓಪನ್ ಸ್ಕೂಲ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಎನ್‌ಐಒಎಸ್ ಎನ್ನುತ್ತಾರೆ. ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾಗಿದ್ದು, ಈಗಿನ ಹೆಸರು 2002ರಿಂದ. ಹತ್ತನೆಯ ತರಗತಿಗೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು, ಮೇಲಕ್ಕೆ ಎಷ್ಟಾದರೂ ಆಗಿರಲಿ. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಪಾಸಾಗಲು 33. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ, ಪರೀಕ್ಷೆ. ಬಾಣಂತನ, ಮದುವೆ, ಹಬ್ಬ ಎಲ್ಲವನ್ನೂ ನಡುವೆ ತೂರಿಸಿಕೊಂಡು ಓದಬಹುದಾದ ವ್ಯವಸ್ಥೆ ಇದು.

ಅರ್ಜಿ ತುಂಬಿಸುವಾಗ ಅಲ್ಲಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, 'ಆಂಟಿ, ಇಲ್ಲಿ ಗಣಿತ ಕಡ್ಡಾಯ ಅಲ್ಲ. ಬಿಟ್ಟುಬಿಡಿ, ಪೇಂಟಿಂಗ್ ತಗೊಳ್ಳಿ. ಎಲ್ಲಾ ಹೆಂಗಸರೂ ಅದೇ ಮಾಡೋದು.' ನಿಮ್ಮಾಣೆ, ಒಂದು ನಿಮಿಷ ಕೈ ನಡುಗಿತು. ಗಣಿತವಿಲ್ಲದೆಯೇ ಹತ್ತನೇ ಕ್ಲಾಸು ಪಾಸ್! ಆ ಭಾಗ್ಯ 1997ರಲ್ಲಿ ಸಿಕ್ಕಿದ್ದರೆ ತೆಂಗಿನಕಾಯಿ ಒಡೆಯುತ್ತಿದ್ದೆ. ಆದರೆ ನಾನು ಹೋಗಿದ್ದೇ ಅದಕ್ಕಲ್ಲವೇ? ಕನ್ನಡ, ಇಂಗ್ಲಿಷ್, ಸಮಾಜ ವಿಜ್ಞಾನ, ಗೃಹ ವಿಜ್ಞಾನ, ಗಣಿತ ಎಂದು ಬರೆಸಿದೆ.

ಇಲ್ಲೊಂದು ಮಾತು ಹೇಳಲೇಬೇಕು. 'ಹೆಂಗಸರಿಗೆ ಗಣಿತ ಬರೋದಿಲ್ಲ ಅಂತ ಯಾರು ಹೇಳಿದ್ದು, ಅಡುಗೆಮನೆಯೇ ಗಣಿತದ ಪಾಠಶಾಲೆ' ಎಂದು ಭಾಷಣ ಮಾಡುವವರಿದ್ದಾರಲ್ಲ, ಅವರನ್ನು ನಂಬಬೇಡಿ. ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎಂದು ಕಣ್ಣು ಮುಚ್ಚಿ ಹೇಳುವ ನಾನು, ಎಕ್ಸ್ ಕಂಡ ಕೂಡಲೇ ಕಲ್ಲಾಗುತ್ತಿದ್ದೆ. ಲೆಕ್ಕ ಬೇರೆ, ಗಣಿತ ಬೇರೆ. ಲೆಕ್ಕದಲ್ಲಿ ಕೈಯಲ್ಲಿರುವುದನ್ನು ಎಣಿಸುತ್ತೀರಿ. ಗಣಿತದಲ್ಲಿ ಕೈಯಲ್ಲಿ ಇಲ್ಲದ್ದಕ್ಕೆ ಹೆಸರಿಟ್ಟು, ಅದು ಇದೆ ಎಂದುಕೊಂಡು ಮುಂದೆ ಹೋಗಬೇಕು. ನಾನು ಸ್ಕೂಲಿನಲ್ಲಿ ನಿಂತುಹೋದದ್ದು ಆ ಜಾಗದಲ್ಲೇ.

ಭಾನುವಾರದ ಕ್ಲಾಸಿಗೆ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಬರುತ್ತಿದ್ದರು. ಹದಿನಾರು ಜನ ನಾವು. ಗಾರ್ಮೆಂಟ್ಸ್ ಹುಡುಗಿಯರು, ಒಬ್ಬ ಸೆಕ್ಯೂರಿಟಿಯವನು, ಇಬ್ಬರು ಆಟೊದವರು, ನಾನು. ಪುಸ್ತಕ ಇಂಗ್ಲಿಷಿನದು, ನನ್ನ ತಲೆ ಕನ್ನಡದ್ದು. ಲಸಾಅ, ಮಸಾಅ ಅಂದರೆ ಗೊತ್ತು, ಎಲ್‌ಸಿಎಂ ಅಂದರೆ ಬೆಚ್ಚಿಬೀಳುತ್ತಿದ್ದೆ. ಮಗಳ ಸ್ಕೂಲಿನ ಕನ್ನಡ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಇಂಗ್ಲಿಷ್ ಪದಕ್ಕೆ ಎದುರು ಕನ್ನಡದ ಪದ ಬರೆದು ಒಂದು ಪುಟ್ಟ ನೋಟ್‌ಬುಕ್ಕೇ ಮಾಡಿಕೊಂಡೆ. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿ ಅದಕ್ಕೆ ಉಪಯೋಗವಾಯಿತು.

ಮೇಷ್ಟ್ರು ಮೊದಲ ದಿನ ಬೋರ್ಡಿನ ಮೇಲೆ ಒಂದು ಡಬ್ಬ ಬರೆದರು. 'ಇದು ಮುಚ್ಚಿದ ಡಬ್ಬ. ಒಳಗೆ ಎಷ್ಟು ಚಕ್ಕುಲಿ ಇವೆಯೋ ಗೊತ್ತಿಲ್ಲ. ಇಂಥವು ಮೂರು, ಮೂರರಲ್ಲೂ ಒಂದೇ ಸಮ. ಹೊರಗೆ ತಟ್ಟೆಯಲ್ಲಿ ನಾಲ್ಕು. ಒಟ್ಟು 25. ಡಬ್ಬದಲ್ಲಿ ಎಷ್ಟಮ್ಮ?' ನಾನೇ ಮೊದಲು ಹೇಳಿದೆ, ಏಳು. 'ನೀನೀಗ ಎಕ್ಸ್ ಕಂಡುಹಿಡಿದೆ' ಅಂದರು. ನನಗೆ ನಂಬಿಕೆಯೇ ಬರಲಿಲ್ಲ. ಇಷ್ಟಕ್ಕಾ ನಾನು ಅಷ್ಟು ವರ್ಷ ಹೆದರಿದ್ದು?

ಆದರೆ ಡಬ್ಬ ಬಹಳ ದೂರ ಬರಲಿಲ್ಲ. ಮೂರನೆಯ ವಾರ ಉತ್ತರ ಮೈನಸ್ ಎರಡು ಬಂತು. ಡಬ್ಬದಲ್ಲಿ ಮೈನಸ್ ಎರಡು ಚಕ್ಕುಲಿ ಇರುವುದು ಹೇಗೆ ಸಾರ್, ಎಂದು ಕೇಳಿದೆ. ಮೇಷ್ಟ್ರು ನಗಲಿಲ್ಲ. 'ಕನ್ನಡದಲ್ಲಿ ಅದಕ್ಕೆ ಏನಂತಾರೆ?' ಅಂದರು. ಋಣ ಸಂಖ್ಯೆ. 'ಋಣ ಅಂದರೆ?' ಸಾಲ! ಪಕ್ಕದ ಮನೆಗೆ ಎರಡು ಚಕ್ಕುಲಿ ಕೊಡಬೇಕಾಗಿದೆ ಎಂದರ್ಥ. ಬ್ರಹ್ಮಗುಪ್ತ ಎಂಬಾತ 628ರಲ್ಲೇ ಧನ, ಋಣ ಎಂದು ಹೆಸರಿಟ್ಟು ಇದರ ನಿಯಮಗಳನ್ನು ಬರೆದಿಟ್ಟಿದ್ದನಂತೆ. ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕೆ ಎಂಬ ನನ್ನ ಹಳೆಯ ಗಾಯಕ್ಕೂ ಅಲ್ಲೇ ಮದ್ದು ಸಿಕ್ಕಿತು. ತಿಂಗಳಿಗೆ 500 ರೂಪಾಯಿ ಕಂತು ಕಟ್ಟುತ್ತಿದ್ದೀರಿ, ಅದು ಋಣ 500. ಅಂಥ ಮೂರು ಕಂತನ್ನು ಸಾಲ ಕೊಟ್ಟವರು ತೆಗೆದುಹಾಕಿದರು ಎನ್ನಿ. ನಿಮಗೆ 1,500 ರೂಪಾಯಿ ಉಳಿಯಿತಲ್ಲವೇ? ಋಣವನ್ನು ತೆಗೆದರೆ ಧನ. ಸ್ಕೂಲಿನಲ್ಲಿ ನಾವು ಋಣ, ಋಣ ಎಂದು ಬಾಯಿಪಾಠ ಮಾಡಿದೆವು, ಅದು ಸಾಲ ಎಂದು ಯಾರಿಗೂ ಹೊಳೆಯಲಿಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆ ಹೊಸದೇನಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಇನ್ನು ನಮ್ಮ ಬೆಂಗಳೂರಿನ ಶಕುಂತಲಾ ದೇವಿ! ಸ್ಕೂಲಿನ ಓದೇ ಇಲ್ಲದ ಆಕೆ 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ದೊಡ್ಡ ಹೆಂಗಸು, ಕೈ ಮುಗಿಯುತ್ತೇನೆ. ಆದರೆ ಮಕ್ಕಳ ಮುಂದೆ ಪದೇ ಪದೇ ಅವರ ಹೆಸರು ಹೇಳಿ ಹೆದರಿಸಬೇಡಿ. ಅದು ಓದಿ ಬರುವಂಥದ್ದಲ್ಲ. ನಾವು ಮಾತಾಡುತ್ತಿರುವುದು ಓದಿದರೆ ಬರುವ ಗಣಿತ.

ಅಮೆರಿಕದಲ್ಲಿ ಇದಕ್ಕೆಂದೇ ಕಮ್ಯುನಿಟಿ ಕಾಲೇಜುಗಳಿವೆ. ನನ್ನ ದೊಡ್ಡಪ್ಪನ ಮಗಳು ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೊ ಊರಿನಲ್ಲಿದ್ದಾಳೆ. ಅಲ್ಲಿ 1967ರಿಂದ ಡಿ ಆಂಜಾ ಎಂಬ ಕಾಲೇಜಿದೆ. ಎರಡು ಮಕ್ಕಳಾದ ಮೇಲೆ ಅವಳು ಅಲ್ಲಿ ಸಂಜೆ ಹೊತ್ತು ಬೀಜಗಣಿತದಿಂದ ಶುರು ಮಾಡಿದಳು. ಪಕ್ಕದ ಬೆಂಚಿನಲ್ಲಿ ಹದಿನೆಂಟರ ಹುಡುಗ, ಹಿಂದಿನ ಬೆಂಚಿನಲ್ಲಿ ಅರವತ್ತರ ಅಜ್ಜ. 'ಯಾರೂ ಯಾಕೆ ಬಂದೆ ಅಂತ ಕೇಳಲ್ಲ ಕಣೇ' ಅನ್ನುತ್ತಾಳೆ. ನಮ್ಮ ದೇಶದಲ್ಲೂ ಯುಜಿಸಿಯವರು ಕಾಲೇಜುಗಳಿಗೆ ಸಮುದಾಯ ಕಾಲೇಜಿನ ಯೋಜನೆ ಕೊಟ್ಟರು. ಆದರೆ ಅವು ಹೆಚ್ಚಾಗಿ ಕಸುಬಿನ ಕೋರ್ಸುಗಳು. ಬಿಟ್ಟ ಗಣಿತವನ್ನು ಮೊದಲಿನಿಂದ ಕೂರಿಸಿ ಹೇಳಿಕೊಡಲು ನಮಗಿದ್ದದ್ದು ಆ ಭಾನುವಾರದ ಮೇಷ್ಟ್ರು.

ಮನೆಯಲ್ಲಿ ಮೊದಮೊದಲು ನಮ್ಮವರು ಏನೂ ಅನ್ನಲಿಲ್ಲ. ಭಾನುವಾರ ಸಾರು ತಣ್ಣಗಿದ್ದರೆ ಮುಖ ಮಾತ್ರ ಸ್ವಲ್ಪ ಉದ್ದವಾಗುತ್ತಿತ್ತು. ಈಗ ಅವರದೇ ಒಂದು ಪುಟ್ಟ ಶೆಡ್ಡಿದೆ, ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್. ದೊಡ್ಡ ಫ್ಯಾಕ್ಟರಿಗಳಿಂದ ಜಾಬ್‌ವರ್ಕ್ ಬರುತ್ತದೆ. ಒಂದು ರಾತ್ರಿ ನಾನು ತ್ರಿಕೋನಮಿತಿ ಮುಂದಿಟ್ಟುಕೊಂಡು, ಟ್ಯಾನ್ ಅಂದರೆ ಎದುರಿನ ಬಾಹು ಭಾಗಿಸು ಪಕ್ಕದ ಬಾಹು ಎಂದು ಗೊಣಗುತ್ತಿದ್ದೆ. ಇವರು ಕೈ ತೊಳೆದು ಬಂದವರು ಅಲ್ಲೇ ನಿಂತರು.

'ಅದೇನೇ ಅದು, ಟ್ಯಾನು?'

ತೋರಿಸಿದೆ. ಇವರು ನನ್ನ ಪೆನ್ಸಿಲ್ ಕಿತ್ತುಕೊಂಡು ಒಂದು ಶಾಫ್ಟ್ ಬರೆದರು. ಒಂದು ತುದಿ 40 ಮಿಲಿಮೀಟರ್ ದಪ್ಪ, ಇನ್ನೊಂದು ತುದಿ 30, ಉದ್ದ 100. ಟೇಪರ್ ಕೆಲಸ. ಮೂವತ್ತು ವರ್ಷದಿಂದ ಇದನ್ನು ಮಾಡುತ್ತಿದ್ದಾರೆ. ಕಾಂಪೌಂಡ್ ಸ್ಲೈಡನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಎಂಬುದು ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿದೆ. ಚಾರ್ಟಿನಲ್ಲಿಲ್ಲದ ಅಳತೆ ಬಂದರೆ ಅಂದಾಜು, ಒಂದೆರಡು ಪೀಸು ಹಾಳು. ನಾನು ದಪ್ಪದ ವ್ಯತ್ಯಾಸ 10 ತೆಗೆದು, ಅರ್ಧ ಮಾಡಿ 5, ಅದನ್ನು 100ರಿಂದ ಭಾಗಿಸಿದೆ. 0.05. ಮೊಬೈಲಿನಲ್ಲಿ ಒತ್ತಿದರೆ 2 ಡಿಗ್ರಿ 52 ಮಿನಿಟು. ಇವರು ಕಣ್ಣರಳಿಸಿ, 'ಮೂರಕ್ಕೆ ಸ್ವಲ್ಪ ಕಮ್ಮಿ ಇಡ್ತೀನಲ್ಲೇ ನಾನು, ಅದೇ ಇದು! ಐಟಿಐನಲ್ಲಿ ಹೇಳಿದ್ರು, ನಾನು ಕಿವಿಗೇ ಹಾಕ್ಕೊಂಡಿರಲಿಲ್ಲ' ಅಂದರು. ಅವತ್ತಿನಿಂದ ಭಾನುವಾರದ ಸಾರು ಎಷ್ಟೇ ತಣ್ಣಗಿದ್ದರೂ ಮಾತಿಲ್ಲ.

ಇಷ್ಟೆಲ್ಲ ಆಗಿಯೂ 2024ರ ಅಕ್ಟೋಬರ್ ಪರೀಕ್ಷೆಯಲ್ಲಿ ಏನಾಯಿತು ಗೊತ್ತೇ? ಉಳಿದ ನಾಲ್ಕು ಪಾಸು. ಗಣಿತದಲ್ಲಿ 28.

1997ರಲ್ಲಿ 27, 2024ರಲ್ಲಿ 28. ಇಪ್ಪತ್ತೇಳು ವರ್ಷಕ್ಕೆ ಒಂದು ಅಂಕ ಮುಂದೆ ಬಂದಿದ್ದೆ. ಮಗಳೇ ಲೆಕ್ಕ ಹಾಕಿದಳು, '33 ಬರೋಕೆ ಇನ್ನೂ 135 ವರ್ಷ ಬೇಕಮ್ಮ.' ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಪುಸ್ತಕಗಳನ್ನು ಅಟ್ಟಕ್ಕೂ ಹಾಕಿದೆ. ಹದಿನೈದು ದಿನ ಕ್ಲಾಸಿಗೆ ಹೋಗಲಿಲ್ಲ. ಮೇಷ್ಟ್ರು ಯಾರ ಕೈಯಲ್ಲೋ ಹೇಳಿ ಕಳಿಸಿದರು, 'ಉತ್ತರ ಬರೆದದ್ದು ಸಾಕಾಗಲಿಲ್ಲ, ನಡುವಿನ ಹೆಜ್ಜೆ ಬರೀಬೇಕು ಅಂತ ಹೇಳಿ ಆಕೆಗೆ.' ಅದು ನಿಜವೇ. ಮನಸ್ಸಿನಲ್ಲೇ ಲೆಕ್ಕ ಮಾಡಿ ಉತ್ತರ ಮಾತ್ರ ಬರೆದು ಬಂದಿದ್ದೆ, ದಿನಸಿ ಅಂಗಡಿಯಲ್ಲಿ ಹೇಳುವ ಹಾಗೆ.

ಅಟ್ಟದಿಂದ ಪುಸ್ತಕ ಇಳಿಸಿದ್ದು ಮಾತ್ರ ಪರೀಕ್ಷೆಗಾಗಿ ಅಲ್ಲ, ಸಾಲಕ್ಕಾಗಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಮನೆಗೂ ಬೇಕಾಗುತ್ತದೆ.

ನಮ್ಮವರಿಗೆ ಹಳೆಯ ಲೇತ್ ಒಂದು ಸಿಕ್ಕುವ ಹಾಗಿತ್ತು. ಕೈಯಲ್ಲಿದ್ದ ದುಡ್ಡು ಸಾಲದೆ 1,20,000 ರೂಪಾಯಿ ಸಾಲ ಬೇಕಿತ್ತು. ಒಬ್ಬ ಫೈನಾನ್ಸಿನವನು ಮನೆಗೇ ಬಂದ. ಬಡ್ಡಿ ನೂರಕ್ಕೆ 12, ಹನ್ನೆರಡು ಕಂತು, ಕಂತಿಗೆ 11,200. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ವರ್ಷದ ಬಡ್ಡಿ 14,400, ಅಸಲಿಗೆ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ 11,200. ಸರಿಯಾಗಿಯೇ ಇದೆಯಲ್ಲ ಎಂದು ಇವರು ಪೆನ್ನು ತೆಗೆದರು.

ನನಗೆ ನಮ್ಮ ಪುಸ್ತಕದ ಒಂಬತ್ತನೆಯ ಪಾಠ ನೆನಪಾಯಿತು. 'ಕಂತಿನ ಖರೀದಿ' ಎಂದೇ ಅದರ ಹೆಸರು. 'ರೀ, ಒಂದು ನಿಮಿಷ' ಅಂದೆ.

ನೋಡಿ, ನಾವು ತಿಂಗಳಿಗೆ ಹತ್ತು ಸಾವಿರ ಅಸಲು ವಾಪಸ್ಸು ಕೊಡುತ್ತಲೇ ಹೋಗುತ್ತೇವೆ. ಮೊದಲ ತಿಂಗಳು ನಮ್ಮ ಕೈಯಲ್ಲಿರುವ ಸಾಲ 1,20,000, ಅದಕ್ಕೆ ತಿಂಗಳಿಗೆ ನೂರಕ್ಕೊಂದರಂತೆ ಬಡ್ಡಿ 1,200. ಎರಡನೆಯ ತಿಂಗಳು ಉಳಿಯುವುದು 1,10,000, ಬಡ್ಡಿ 1,100. ಹೀಗೆ ನೂರು ನೂರು ಇಳಿಯುತ್ತಾ ಕೊನೆಯ ತಿಂಗಳು ಬಡ್ಡಿ ಬರೀ 100. ಇದೇ ಸಮಾಂತರ ಶ್ರೇಢಿ. ಮೊದಲನೆಯದನ್ನು ಕೊನೆಯದಕ್ಕೆ ಜೋಡಿ ಮಾಡಿ, 1,200ಕ್ಕೆ 100 ಸೇರಿ 1,300. ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, 1,100ಕ್ಕೆ 200, ಮತ್ತೆ 1,300. ಇಂಥ ಆರು ಜೋಡಿ. 7,800 ರೂಪಾಯಿ. ಅವನು ಕೇಳುತ್ತಿರುವುದು 14,400! ವಾಪಸ್ಸು ಕೊಟ್ಟ ದುಡ್ಡಿಗೂ ಕೊನೆಯ ತಿಂಗಳವರೆಗೆ ಬಡ್ಡಿ ಕಟ್ಟಿಸಿಕೊಳ್ಳುವುದು ಅದರ ಗುಟ್ಟು. ಇದನ್ನು ಫ್ಲ್ಯಾಟ್ ರೇಟ್ ಎನ್ನುತ್ತಾರೆ. ಬಾಯಲ್ಲಿ ಹೇಳುವುದು 12, ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಸುಮಾರು 21.5. ಇಳಿಯುವ ಬಾಕಿಯ ಮೇಲೆ ನಿಜವಾಗಿ 12 ಹಾಕುವ ಬ್ಯಾಂಕಾದರೆ ಸಮಕಂತು ಸುಮಾರು 10,662 ಆಗುತ್ತದೆ.

ಫೈನಾನ್ಸಿನವನು, 'ಎಲ್ರೂ ಹಿಂಗೇ ಕೊಡೋದು ಮೇಡಂ' ಎಂದು ಬ್ಯಾಗು ಎತ್ತಿಕೊಂಡ. ಇವರಿಗೆ ನನ್ನ ಮೇಲೆ ಸಿಟ್ಟೇ ಬಂತು. ಬ್ಯಾಂಕಿಗೆ ಅಲೆದು ಸಾಲ ಮಂಜೂರಾಗುವ ಹೊತ್ತಿಗೆ ಆ ಲೇತ್ ಬೇರೆಯವರ ಪಾಲಾಗಿತ್ತು. ಒಂದು ವಾರ ನನ್ನ ಹತ್ತಿರ ಮಾತಿಲ್ಲ. ಮೂರು ತಿಂಗಳಾದ ಮೇಲೆ ಇನ್ನೊಂದು ಸಿಕ್ಕಿತು, ಮೊದಲಿನಷ್ಟು ಚೆನ್ನಾಗಿಲ್ಲ ಎಂದು ಈಗಲೂ ಹೇಳುತ್ತಾರೆ. ಇರಲಿ. ಹಿಂದೆ ಸ್ಕೂಟರಿಗೆ ಇದೇ ರೀತಿಯ ಸಾಲ ಮಾಡಿ ತೀರಿಸಿದ್ದೆವು, ಆ ಲೆಕ್ಕವನ್ನು ಮಾತ್ರ ನಾನು ಇವರಿಗೆ ಮಾಡಿ ತೋರಿಸಿಲ್ಲ.

ನೀವು ಸಾಲ ಮಾಡುವಾಗ ಇಷ್ಟು ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ನೋಂದಾಯಿತ ಫೈನಾನ್ಸ್ ಕಂಪನಿಗಳೂ ಇಂಥ ಹೊಸ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಕಾಗದ ಕೊಡಬೇಕು, ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಎಂದು ಬರೆದಿರುವುದೇ ಖರ್ಚುವೆಚ್ಚ ಸೇರಿದ ನಿಜವಾದ ವರ್ಷದ ದರ. ರುಜು ಹಾಕುವ ಮೊದಲು ಅದನ್ನು ನೋಡಿ. ಬೀದಿಯಲ್ಲಿ ಸಾಲ ಕೊಡುವವನು ಇದನ್ನು ಕೊಡುವುದಿಲ್ಲ, ಅಲ್ಲಿ ನೀವೇ ಜೋಡಿ ಹಾಕಿ ಕೂಡಬೇಕು. ಇನ್ನೊಂದು ಎಚ್ಚರಿಕೆ: ಓಪನ್ ಸ್ಕೂಲಿಗೆ ಸೇರುವವರು, 'ದುಡ್ಡು ಕೊಡಿ, ಗ್ಯಾರಂಟಿ ಪಾಸ್' ಎಂದು ಬೋರ್ಡು ಹಾಕಿದವರ ಹತ್ತಿರ ಹೋಗಬೇಡಿ. ಮಾನ್ಯತೆ ಇರುವ ಅಧ್ಯಯನ ಕೇಂದ್ರಗಳ ಪಟ್ಟಿ ಸಂಸ್ಥೆಯ ಬಳಿಯೇ ಸಿಗುತ್ತದೆ.

ಏಪ್ರಿಲ್ 2025ರಲ್ಲಿ ಮತ್ತೆ ಬರೆದೆ. ಈ ಸಲ ಹೆಜ್ಜೆ ಹೆಜ್ಜೆಯಾಗಿ ಬರೆದೆ, ಕೈ ನೋಯುವಷ್ಟು. 51 ಬಂತು. ವಠಾರದ ಆ ಹುಡುಗಿಯೂ ಪಾಸಾದಳು, ಆದರೆ ಸೂಪರ್‌ವೈಸರ್ ಕೆಲಸ ಇನ್ನೂ ಸಿಕ್ಕಿಲ್ಲ. ಅತ್ತೆ ಫಲಿತಾಂಶ ಕೇಳಿ, 'ನೂರಕ್ಕೆ ಐವತ್ತೊಂದಾ? ಉಳಿದ ನಲವತ್ತೊಂಬತ್ತು ಯಾರಿಗೆ ಕೊಟ್ಯೆ?' ಅಂದರು.

ಮಗಳು ಹತ್ತನೆಯ ತರಗತಿಗೆ ಬಂದಳು. ಒಂದು ಸಂಜೆ ಒಗ್ಗರಣೆ ಹಾಕುತ್ತಿದ್ದಾಗ ವರ್ಗಸಮೀಕರಣದ ಪುಟ ತೆರೆದುಕೊಂಡು ಅಡುಗೆಮನೆಗೇ ಬಂದಳು. 'ಅಮ್ಮಾ, ಇದು ಬರ್ತಿಲ್ಲ.' ಮೊದಲ ಸಲ ನನ್ನ ಹತ್ತಿರ ತಂದಿದ್ದು. ನೋಡಿದೆ, ನನಗೂ ಬರಲಿಲ್ಲ. ಒಲೆ ಆರಿಸಿ ಇಬ್ಬರೂ ನೆಲದ ಮೇಲೆ ಕೂತೆವು. ಎಂಟು ಗಂಟೆಗೆ ಶುರು ಮಾಡಿದ್ದು, ಉತ್ತರ ಬಂದಾಗ ಒಂಬತ್ತೂವರೆ. ಚಿಹ್ನೆಯೊಂದನ್ನು ನಾನೇ ತಪ್ಪಾಗಿ ಬರೆದಿದ್ದೆ, ಅವಳು ಹಿಡಿದಳು. ಒಗ್ಗರಣೆ ಕಪ್ಪಾಗಿತ್ತು. ಅವತ್ತು ರಾತ್ರಿ ಮೊಸರನ್ನ, ಮಾವಿನ ಉಪ್ಪಿನಕಾಯಿ.

ಅರ್ಧಕ್ಕೆ ಬಿಟ್ಟ ಚಕ್ಕುಲಿ ಮುಂದಿನ ಸಂಚಿಕೆಯಲ್ಲಿ ಖಂಡಿತ. ಬೆಣ್ಣೆ ಕಡೆಯ ಪಕ್ಷ ಅರ್ಧ ಬಟ್ಟಲು ಇರಲಿ, ತಂದಿಟ್ಟುಕೊಳ್ಳಿ.